ಹತ್ತು ಅಲ್ಲೋ ತಮ್ಮಾ, ಹತ್ತು: ಪದದ ಬಾಲ ಹಿಡಿದು ವ್ಯಾಕರಣ ಕಲಿಯೋದು

ಹೋದ ಮಳೆಗಾಲದ ಮಾತು. ನಮ್ಮ ಹಿಂದಿನ ಮನೆಗೆ ಬಾಡಿಗೆಗೆ ಬಂದಿರುವ ರೈಲ್ವೆ ಹುಡುಗ, ಝಾನ್ಸಿ ಕಡೆಯವನು, ಗದಗಕ್ಕೆ ಹೊರಟಿದ್ದ. ನನಗೂ ಅಣ್ಣಿಗೇರಿಯಲ್ಲಿ ಒಂದು ಕುಬಸದ, ಅಂದರೆ ಸೀಮಂತದ, ಊಟ ಇತ್ತು. ಇಬ್ಬರೂ ಕೂಡಿಯೇ ಹುಬ್ಬಳ್ಳಿ ಬಸ್ ಸ್ಟ್ಯಾಂಡಿಗೆ ಬಂದೆವು. ಕಂಡಕ್ಟರ್ ಬಾಗಿಲ ಬಳಿ ನಿಂತು ‘ಅಣ್ಣಿಗೇರಿ, ಗದಗ! ಹತ್ತರಿ, ಲಗೂ ಹತ್ತರಿ!’ ಅಂತ ಒಂದೇ ಸಮನೆ ಒದರುತ್ತಿದ್ದ. ನಮ್ಮ ಹುಡುಗನ ಮುಖ ಅರಳಿತು. ಕಿಸೆಯಿಂದ ಹತ್ತರ ನೋಟು ತೆಗೆದು ಕಂಡಕ್ಟರ್ ಮುಂದೆ ಹಿಡಿದ. ಗದಗಕ್ಕೆ ಬರೀ ಹತ್ತು ರೂಪಾಯಿ, ಇಷ್ಟು ಅಗ್ಗ ಎಲ್ಲೂ ಇಲ್ಲ ಅಂತ ಅವನ ಲೆಕ್ಕ. ಕಂಡಕ್ಟರ್ ಒಮ್ಮೆ ನೋಟು ನೋಡಿದ, ಒಮ್ಮೆ ಇವನನ್ನು ನೋಡಿದ. ‘ಹತ್ತು ಅಲ್ಲೋ ತಮ್ಮಾ, ಹತ್ತು! ಮ್ಯಾಲೆ ಹತ್ತು!’ ಅಂದ. ಹುಡುಗ ಇನ್ನೊಂದು ಹತ್ತರ ನೋಟು ತೆಗೆದ.

ಬಸ್ಸಿನಲ್ಲಿ ಕೂತ ಮೇಲೆ ಅವನು ನನ್ನ ಮೇಲೆಯೇ ಸಿಟ್ಟಾದ. ‘ಅಕ್ಕಾ, ಹತ್ತು ಅಂದರೆ ದಸ್ ಅಂತ ನೀವೇ ಕಲಿಸಿದ್ದಲ್ವಾ?’ ಕಲಿಸಿದ್ದು ಹೌದು. ನಾನು ಕೇಶ್ವಾಪುರದಲ್ಲಿ ಮನೆಯಲ್ಲೇ ಓಣಿಯ ಮಕ್ಕಳಿಗೆ ಕನ್ನಡ, ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ಸಂಜೆ ಅವರ ಜೊತೆ ಇವನೂ ಬಂದು ಕೂರುತ್ತಾನೆ. ಒಂದು, ಎರಡು, ಮೂರು ಅಂತ ಶುರು ಮಾಡಿ ಹತ್ತಕ್ಕೆ ಬಂದು ನಿಂತಿದ್ದೆವು, ಅಷ್ಟೇ. ಆದರೆ ಈ ‘ಹತ್ತು’ ಅನ್ನೋದು ನಮ್ಮ ಸೀಮೆಯಲ್ಲಿ ಸಣ್ಣ ಪದ ಅಲ್ಲ. ಬಸ್ ಹತ್ತುತ್ತೇವೆ. ಒಲೆ ಹತ್ತುತ್ತದೆ. ಹೇಳಿದ್ದು ತಲೆಗೆ ಹತ್ತುವುದಿಲ್ಲ. ಮಳೆ ಬರುತ್ತಿದ್ದರೆ ‘ಮಳಿ ಬರಾಕ ಹತ್ತೇತಿ’ ಅನ್ನುತ್ತೇವೆ. ಸಾಲದ್ದಕ್ಕೆ ಎರೆ ಹೊಲದ ತುಂಬ ಹತ್ತಿ. ‘ಹತ್ತು ಮಂದಿ ಹತ್ತಿ ಗಾಡಿ ಹತ್ತಿ ಬಂದರು’ ಅಂತ ಒಂದು ವಾಕ್ಯ ಹೇಳಿದೆ ನೋಡಿ, ಅಣ್ಣಿಗೇರಿ ಬರುವವರೆಗೂ ಅವನು ಅದನ್ನೇ ಬಿಡಿಸುತ್ತಾ ಕೂತ.

ಆವತ್ತು ಬಸ್ಸಿನಲ್ಲಿ ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಭಾಷೆ ಕಲಿಯುವವರಿಗೆ, ಕಲಿಸುವವರಿಗೆ, ಮಕ್ಕಳ ವ್ಯಾಕರಣದ ಪುಸ್ತಕ ನೋಡಿ ತಲೆ ಕೆರೆದುಕೊಳ್ಳುವ ಅಪ್ಪ ಅವ್ವಂದಿರಿಗೆ ಉಪಯೋಗಕ್ಕೆ ಬಂದರೂ ಬಂದೀತು.

ಸಾಲೆಯಲ್ಲಿ ನಮಗೆ ಕಲಿಸಿದ್ದು ಏನು? ಹೆಸರು ಹೇಳುವ ಪದ ನಾಮಪದ, ಕೆಲಸ ಹೇಳುವ ಪದ ಕ್ರಿಯಾಪದ. ಕೇಳಲಿಕ್ಕೆ ಚೆನ್ನಾಗಿದೆ, ಆದರೆ ಬಳಸಲಿಕ್ಕೆ ಹೋದರೆ ಕೈ ಕೊಡುತ್ತದೆ. ‘ಜಗಳ’ ತಗೊಳ್ಳಿ. ನಮ್ಮ ಓಣಿಯಲ್ಲಿ ನಳ ಬಂದ ದಿನ ಕೊಡ ಹಿಡಿದು ನಿಂತವರ ನಡುವೆ ಆಗುವ ಜಗಳಕ್ಕಿಂತ ದೊಡ್ಡ ಕೆಲಸ ಇನ್ನೊಂದಿಲ್ಲ. ಹಾಗಾದರೆ ಜಗಳ ಕ್ರಿಯಾಪದವಾ? ಅಲ್ಲ, ನಾಮಪದ. ಓಟ, ಊಟ, ಆಟ ಎಲ್ಲದರಲ್ಲೂ ಕೆಲಸ ಇದೆ, ಎಲ್ಲವೂ ನಾಮಪದ. ಈ ಕಡೆ ‘ಇರು’ ಅನ್ನುವುದರಲ್ಲಿ ಕೆಲಸವೇ ಇಲ್ಲ, ಸುಮ್ನೆ ಇರೋದು ಅಷ್ಟೇ, ಅದು ಅಪ್ಪಟ ಕ್ರಿಯಾಪದ. ಅರ್ಥ ನೋಡಿ ಪದದ ಜಾತಿ ಹೇಳಲಿಕ್ಕೆ ಹೊರಟರೆ ಹೀಗೇ ಆಗೋದು.

ನನ್ನ ಮಾತು ಇಷ್ಟೇ: ಪದದ ಮುಖ ನೋಡಬೇಡಿ, ಬಾಲ ನೋಡಿ. ಯಾವ ಬಾಲ ಅದಕ್ಕೆ ಅಂಟುತ್ತದೆ ಅನ್ನೋದೇ ಅದರ ಜಾತಿ. ಕನ್ನಡಕ್ಕೆ ಎರಡು ಬಾಲ ಸಾಕು. ಪದಕ್ಕೆ ‘ಗೆ’ ಅಥವಾ ‘ಕ್ಕೆ’ ಹಚ್ಚಿ ನೋಡಿ, ಕೂತರೆ ನಾಮಪದ. ‘ಲಿಲ್ಲ’ ಹಚ್ಚಿ ನೋಡಿ, ಕೂತರೆ ಕ್ರಿಯಾಪದ. ಜಗಳಕ್ಕೆ ಅನ್ನಬಹುದು, ಜಗಳಲಿಲ್ಲ ಅಂತ ಯಾರೂ ಅನ್ನೋದಿಲ್ಲ. ಇರಲಿಲ್ಲ ಅನ್ನುತ್ತೇವೆ, ಇರುಕ್ಕೆ ಅನ್ನೋದಿಲ್ಲ. ಈಗ ಹತ್ತು: ‘ಹತ್ತಕ್ಕೆ ಬಾ’ ಅಂದರೆ ಗಡಿಯಾರದ ಹತ್ತು, ‘ಹತ್ತಲಿಲ್ಲ’ ಅಂದರೆ ಬಸ್ಸಿನ ಹತ್ತು. ‘ಹತ್ತಿಗೆ ಒಳ್ಳೆ ರೇಟು ಬಂದಿದೆ’ ಅಂದರೆ ಹೊಲದ ಹತ್ತಿ. ಪದ ನೋಡಲಿಕ್ಕೆ ಅವಳಿ ಜವಳಿ ಇದ್ದರೂ ಬಾಲ ಬೇರೆ ಬೇರೆ. ಕಂಡಕ್ಟರ್ ಬರೀ ‘ಹತ್ತು’ ಅನ್ನದೆ ಮೊದಲು ‘ಹತ್ತರಿ’ ಅಂದಿದ್ದನಲ್ಲ, ಆ ‘ರಿ’ ಎಂಬ ಬಾಲವನ್ನು ಹುಡುಗ ಕೇಳಿಸಿಕೊಂಡಿದ್ದರೆ ನೋಟು ಕಿಸೆಯಲ್ಲೇ ಉಳಿಯುತ್ತಿತ್ತು.

ಎರಡೂ ಬಾಲ ಕೂರದ ಪದ ಇವೆಯಾ? ಇವೆ. ಬೇಗ, ಸುಮ್ಮನೆ, ಆದರೆ. ಇವೇ ಅವ್ಯಯ. ನಾಳೆ ಅನ್ನೋದನ್ನೂ ಅವ್ಯಯ ಅಂತ ಹೇಳಿಕೊಡುವವರಿದ್ದಾರೆ, ಆದರೆ ನಾಳೆಗೆ, ನಾಳೆಯ, ನಾಳೆಯಿಂದ ಅಂತ ಬಾಲ ಆರಾಮಾಗಿ ಕೂರುತ್ತದೆ, ಹಾಗಾಗಿ ನನ್ನ ಟ್ಯೂಷನ್ನಿನಲ್ಲಿ ಅದು ನಾಮಪದವೇ. ಬೇಕು, ಬೇಡ, ಸಾಕು, ಅಲ್ಲ, ಇಲ್ಲ ಇವು ಮಾತ್ರ ಯಾವ ಗುಂಪಿಗೂ ಸರಿಯಾಗಿ ಸೇರದೆ ತಮ್ಮದೇ ಕಟ್ಟೆ ಮಾಡಿಕೊಂಡು ಕೂತಿವೆ. ದಿನಕ್ಕೆ ನೂರು ಸಲ ಬಳಸುವ ಪದಗಳೇ ಯಾವಾಗಲೂ ನಿಯಮ ಮೀರೋದು. ಇಂಗ್ಲಿಷಿನಲ್ಲೂ ಅದೇ ಕಥೆ.

ಬಾಲ ನೋಡೋದು ನಾನು ಕಂಡುಹಿಡಿದ ಉಪಾಯ ಅಂದುಕೊಳ್ಳಬೇಡಿ. ಪಾಣಿನಿ ಎರಡು ಸಾವಿರ ವರ್ಷಕ್ಕೂ ಹಿಂದೆ ಸಂಸ್ಕೃತದಲ್ಲಿ ಪದ ಅಂದರೆ ಏನು ಅಂತ ಹೇಳಿದ್ದು ಎರಡೇ ಮಾತಿನಲ್ಲಿ: ‘ಸುಪ್ತಿಙಂತಂ ಪದಮ್’. ಸುಪ್ ಎಂಬ ಗುಂಪಿನ ಬಾಲ (ನಮ್ಮ ‘ಗೆ’ಯಂಥ ನಾಮಪದದ ಬಾಲ) ಇದ್ದರೆ ಒಂದು ಥರ, ತಿಙ್ ಎಂಬ ಗುಂಪಿನ ಬಾಲ (ಕ್ರಿಯಾಪದದ ಬಾಲ) ಇದ್ದರೆ ಇನ್ನೊಂದು ಥರ. ಹೆಸರು, ಕೆಲಸ ಅಂತ ಅರ್ಥದ ಮಾತೇ ಎತ್ತಲಿಲ್ಲ ಆ ಪುಣ್ಯಾತ್ಮ.

ರೈಲ್ವೆ ಹುಡುಗನಿಗೆ ಇದನ್ನು ರೈಲಿನ ಭಾಷೆಯಲ್ಲೇ ಹೇಳಬೇಕಾಯಿತು. ಕನ್ನಡದ ಪದ ಅಂದರೆ ಒಂದು ಗಾಡಿ. ಮುಂದೆ ಎಂಜಿನ್, ಅದು ಮೂಲ ಪದ. ಹಿಂದೆ ಒಂದೊಂದೇ ಡಬ್ಬಿ. ಮನೆ, ಮನೆಗಳು, ಮನೆಗಳಲ್ಲಿ, ಮನೆಗಳಲ್ಲಿಯೂ. ಕ್ರಿಯಾಪದಕ್ಕೆ ಹೋದರೆ ಗಾಡಿ ಇನ್ನೂ ಉದ್ದ. ‘ಹೋಗಬೇಕಾಗಿಲ್ಲದಿದ್ದರೂ’ ಅನ್ನೋದನ್ನು ನಿಲ್ಲಿಸಲಿಕ್ಕೆ ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ 1507 ಮೀಟರ್ ಪ್ಲಾಟ್‌ಫಾರ್ಮೇ ಬೇಕು ಅಂತ ಅವನೇ ನಕ್ಕ. ಆದರೆ ಡಬ್ಬಿ ಜೋಡಿಸುವ ಸರದಿ ಎಂದೂ ತಪ್ಪುವುದಿಲ್ಲ. ಹೋಗು, ಬೇಕು, ಆಗು, ಇಲ್ಲ, ಇದ್ದರೆ, ಊ. ಒಂದನ್ನು ಹಿಂದೆ ಮುಂದೆ ಮಾಡಿದರೆ ಗಾಡಿ ಹಳಿ ತಪ್ಪಿತು.

ಮತ್ತೆ ನಮ್ಮ ‘ರೀ’? ಅದು ಗಾರ್ಡಿನ ಡಬ್ಬಿ. ಹೌದ್ರಿ, ಇಲ್ರಿ, ಯಾಕ್ರಿ, ಚಹಾರಿ, ನಾಳೆರಿ, ಬರ್ರಿ. ನಾಮಪದ, ಕ್ರಿಯಾಪದ, ಅವ್ಯಯ ಅಂತ ಭೇದ ಇಲ್ಲದೆ ಯಾವ ಗಾಡಿಗೆ ಬೇಕಾದರೂ ಕೊನೆಗೆ ಹೋಗಿ ಅಂಟಿಕೊಳ್ಳುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಬದುಕಬೇಕು ಅಂದರೆ ಮೊದಲು ಕಲಿಯಬೇಕಾದ ಬಾಲ ಇದೇ. ಇದೊಂದಿದ್ದರೆ ಉಳಿದ ತಪ್ಪನ್ನೆಲ್ಲ ಜನ ಹೊಟ್ಟೆಗೆ ಹಾಕಿಕೊಳ್ಳುತ್ತಾರೆ.

‘ಗೆ’ ಮತ್ತು ‘ಕ್ಕೆ’ ಅಂತ ಎರಡು ಯಾಕೆ, ಯಾವಾಗ ಯಾವುದು ಅಂತ ಅವನು ಕೇಳಿದ. ಇದಕ್ಕೆ ಪುಸ್ತಕ ಬೇಡ, ಬಸ್ಸಿನ ಬೋರ್ಡು ಸಾಕು. ಧಾರವಾಡಕ್ಕೆ, ಬಂಕಾಪುರಕ್ಕೆ, ಕುಂದಗೋಳಕ್ಕೆ: ಊರಿನ ಹೆಸರು ‘ಅ’ ಎಂದು ಮುಗಿದರೆ ‘ಕ್ಕೆ’. ಹುಬ್ಬಳ್ಳಿಗೆ, ಹಾವೇರಿಗೆ, ಅಣ್ಣಿಗೇರಿಗೆ: ‘ಇ’ ಅಥವಾ ‘ಎ’ ಎಂದು ಮುಗಿದರೆ ‘ಗೆ’. ಬೆಂಗಳೂರಿಗೆ, ಹಾನಗಲ್ಲಿಗೆ: ‘ಉ’ ಎಂದು ಮುಗಿದರೆ ನಡುವೆ ಒಂದು ‘ಇ’ ಬಂದು ‘ಇಗೆ’. ಗದಗದ ವಿಷಯಕ್ಕೆ ಬಂದರೆ ಮಜಾ ಇದೆ. ಕೆಲವರು ಗದಗಕ್ಕೆ ಅನ್ನುತ್ತಾರೆ, ಕೆಲವರು ಗದಗಿಗೆ ಅನ್ನುತ್ತಾರೆ. ಹಳೆ ಹೆಸರು ಗದುಗು, ಕುಮಾರವ್ಯಾಸನ ಕಾವ್ಯಕ್ಕೆ ಇವತ್ತಿಗೂ ಗದುಗಿನ ಭಾರತ ಅಂತಲೇ ಹೆಸರು. ಗದುಗು ಅಂದರೆ ಕೊನೆಗೆ ‘ಉ’, ಗದಗ ಅಂದರೆ ಕೊನೆಗೆ ‘ಅ’. ಇಬ್ಬರೂ ತಮ್ಮ ತಮ್ಮ ನಿಯಮಕ್ಕೆ ಸರಿಯಾಗಿಯೇ ಮಾತಾಡುತ್ತಿದ್ದಾರೆ. ಮನುಷ್ಯರ ಹೆಸರಾದರೆ ಮತ್ತೆ ಬೇರೆ: ಮರಕ್ಕೆ, ಆದರೆ ಅಣ್ಣನಿಗೆ. ಅಂದರೆ ಕನ್ನಡ ಬಾಲ ಹಚ್ಚುವ ಮುಂಚೆ ಇದು ಮನುಷ್ಯನೋ ವಸ್ತುವೋ ಅಂತ ಒಂದು ಸಲ ಕೇಳಿಕೊಳ್ಳುತ್ತದೆ.

ಈ ಕೇಳಿಕೊಳ್ಳೋದರಲ್ಲೇ ನಮ್ಮ ಹುಡುಗ ಮುಗ್ಗರಿಸಿದ್ದು. ನಮ್ಮ ಕಡೆ ನಳ ಬರೋದು ಒಂದು ಹಬ್ಬ ಇದ್ದ ಹಾಗೆ, ನಿಮಗೆ ಗೊತ್ತೇ ಇದೆ. ಒಂದು ಮುಂಜಾನೆ ಐದೂವರೆಗೆ ಹಿತ್ತಿಲಿನಿಂದ ಅವನ ದನಿ: ‘ಅಕ್ಕಾ, ನೀರು ಬಂದ! ನೀರು ಬಂದ!’ ನಮ್ಮ ಅತ್ತೆ ಹಾಸಿಗೆಯಿಂದ ಎದ್ದು ಕೂತು ‘ಯಾರು ಬಂದಾರವ್ವಾ ಇಷ್ಟು ಹೊತ್ತಿಗೆ?’ ಅಂತ ಸೆರಗು ಸರಿ ಮಾಡಿಕೊಂಡರು. ಹಿಂದಿಯಲ್ಲಿ ಪಾನೀ ಗಂಡು. ಬಸ್ಸು ಹೆಣ್ಣು, ಗಾಡಿ ಹೆಣ್ಣು, ಚಹಾ ಕೂಡ ಹೆಣ್ಣು. ಅದನ್ನೇ ಅವನು ಹಾಗೇ ಇಲ್ಲಿಗೆ ತಂದ. ಬಸ್ಸು ಬಂದಳು, ಚಹಾ ಬಂದಳು. ಕನ್ನಡದಲ್ಲಿ ಲಿಂಗ ಪದಕ್ಕೆ ಅಂಟಿದ್ದಲ್ಲ, ಲೋಕದಲ್ಲಿ ಏನಿದೆಯೋ ಅದು. ಗಂಡಸಿಗೆ ‘ಬಂದ’, ಹೆಂಗಸಿಗೆ ‘ಬಂದಳು’, ಉಳಿದ ಎಲ್ಲದಕ್ಕೂ, ಎಮ್ಮೆಯಿಂದ ಹಿಡಿದು ಎಕ್ಸ್‌ಪ್ರೆಸ್ ಗಾಡಿವರೆಗೆ, ‘ಬಂತು’. ಹಿಂದಿ ಕಲಿಯುವ ಕನ್ನಡಿಗ ಪ್ರತಿ ವಸ್ತುವಿನ ಲಿಂಗ ಬಾಯಿಪಾಠ ಮಾಡಬೇಕು. ಕನ್ನಡ ಕಲಿಯುವ ಹಿಂದಿಯವನು ಬಾಯಿಪಾಠ ಮಾಡಿದ್ದನ್ನು ಮರೆಯಬೇಕು. ಯಾವುದು ಜಾಸ್ತಿ ಕಷ್ಟ ಅಂತ ಕೇಳಿದರೆ, ಮರೆಯೋದೇ ಅಂತ ನನಗನಿಸುತ್ತದೆ.

ಒಂದು ‘ಬಂದಳು’ ಬಿಚ್ಚಿ ನೋಡಿ. ಮುಂದೆ ಬರು ಎಂಬ ಮೂಲ, ಅದು ಸ್ವಲ್ಪ ಮುಖ ಬದಲಿಸಿ ಬನ್ ಆಗಿದೆ. ನಡುವೆ ‘ದ್’, ಆಗಿಹೋದದ್ದು ಅಂತ ಹೇಳುವ ಡಬ್ಬಿ. ಕೊನೆಗೆ ‘ಅಳು’, ಅವಳು ಅಂತ ಹೇಳುವ ಡಬ್ಬಿ. ಯಾರು, ಯಾವಾಗ, ಏನು, ಮೂರೂ ಒಂದೇ ಪದದಲ್ಲಿ. ಅದಕ್ಕೇ ನಾವು ನಾನು, ನೀನು ಎಂಬ ಸರ್ವನಾಮವನ್ನೇ ನುಂಗಿ ‘ಊಟಕ್ಕ ಬಂದಿ?’ ಅಂತ ಕೇಳಿಬಿಡುತ್ತೇವೆ. ಇಲ್ಲಿ ನಮ್ಮ ಕಡೆಯ ಕನ್ನಡದ ಪರವಾಗಿ ಒಂದು ಮಾತು. ಇವತ್ತಿನ ಪುಸ್ತಕದ ಭಾಷೆಯಲ್ಲಿ ನಾನು ಬಂದೆ, ನೀನೂ ಬಂದೆ, ಎರಡಕ್ಕೂ ಒಂದೇ ಬಾಲ. ಧಾರವಾಡದ ಮಾತಿನಲ್ಲಿ ನಾ ಬಂದೆ, ನೀ ಬಂದಿ. ಸರ್ವನಾಮ ಬಿಟ್ಟರೂ ಗೊಂದಲ ಇಲ್ಲ. ನಮ್ಮ ಮಕ್ಕಳಿಗೆ ‘ಬಂದಿ ಅನಬ್ಯಾಡ, ತಪ್ಪು’ ಅಂತ ತಿದ್ದುವವರು ಇದನ್ನೊಮ್ಮೆ ಯೋಚನೆ ಮಾಡಬೇಕು. ಪರೀಕ್ಷೆಯ ಭಾಷೆ ಬೇರೆ, ಮನೆಯ ಭಾಷೆ ಬೇರೆ, ಎರಡಕ್ಕೂ ವ್ಯಾಕರಣ ಇದೆ.

ಹೊಸದಾಗಿ ಕಲಿಯುವವರಿಗೆ ಒಂದು ಸಿಹಿ ಸುದ್ದಿಯೂ ಇದೆ: ‘ಬರಲಿಲ್ಲ’ ಅನ್ನೋದಕ್ಕೆ ಕೊನೆಯ ಡಬ್ಬಿಯೇ ಇಲ್ಲ. ನಾನು ಬರಲಿಲ್ಲ, ಅವಳು ಬರಲಿಲ್ಲ, ಬಸ್ಸು ಬರಲಿಲ್ಲ. ನಮ್ಮ ಹುಡುಗ ಇದನ್ನು ಕಂಡುಕೊಂಡ ಮೇಲೆ ಒಂದು ವಾರ ಎಲ್ಲಾ ಸುದ್ದಿಯನ್ನೂ ಇಲ್ಲ ಅಂತಲೇ ಹೇಳುತ್ತಿದ್ದ.

ವಿಭಕ್ತಿಯ ಬಾಯಿಪಾಠ ನೆನಪಿದೆಯಾ? ರಾಮನು, ರಾಮನನ್ನು, ರಾಮನಿಂದ, ರಾಮನಿಗೆ, ರಾಮನ ದೆಸೆಯಿಂದ, ರಾಮನ, ರಾಮನಲ್ಲಿ. ಈ ‘ದೆಸೆಯಿಂದ’ ಅನ್ನೋದನ್ನು ನಾನು ಪಂಚಮೀ ವಿಭಕ್ತಿಯ ಪ್ರಶ್ನೆಗೆ ಉತ್ತರ ಬರೆಯುವಾಗ ಬಿಟ್ಟು ಬೇರೆಲ್ಲೂ ಬಳಸಿಲ್ಲ. ಮರದ ದೆಸೆಯಿಂದ ಬಿದ್ದ ಅಂತ ಯಾರಾದರೂ ಅನ್ನುತ್ತಾರಾ? ಚಾಕುವಿನಿಂದ ಹೆಚ್ಚಿದೆ, ಮರದಿಂದ ಬಿದ್ದೆ, ಎರಡಕ್ಕೂ ‘ಇಂದ’ವೇ. ಸಂಸ್ಕೃತದಲ್ಲಿ ತೃತೀಯಾಕ್ಕೂ ಪಂಚಮಿಗೂ ಬಾಲ ಬೇರೆ ಬೇರೆ, ಅದಕ್ಕೆ ಅಲ್ಲಿ ಏಳು ಮನೆ. ಆ ಏಳು ಮನೆಯ ಚೌಕಟ್ಟನ್ನು ಕನ್ನಡಕ್ಕೆ ತಂದಿಟ್ಟರು, ಒಂದು ಮನೆ ಖಾಲಿ ಉಳಿಯಿತು, ದೆಸೆಯನ್ನು ತಂದು ಕೂರಿಸಿದರು.

ಇಂಥ ಖಾಲಿ ಮನೆಯ ಕಥೆ ಇಂಗ್ಲಿಷ್ ವ್ಯಾಕರಣಕ್ಕೂ ಇದೆ. ಮಕ್ಕಳು ಬಾಯಿಪಾಠ ಮಾಡುವ ಎಂಟು ‘ಪಾರ್ಟ್ಸ್ ಆಫ್ ಸ್ಪೀಚ್’ ಇಂಗ್ಲಿಷರು ತಮ್ಮ ಭಾಷೆ ನೋಡಿ ಎಣಿಸಿದ್ದಲ್ಲ. ಕ್ರಿಸ್ತಪೂರ್ವದ ಗ್ರೀಕ್ ಪಂಡಿತ ಡಯೊನಿಸಿಯಸ್ ಥ್ರಾಕ್ಸ್ ಹೆಸರಿನಲ್ಲಿ ಒಂದು ಪುಟ್ಟ ವ್ಯಾಕರಣ ಬಂದಿದೆ, ಅದರಲ್ಲಿ ಎಂಟು ಗುಂಪು. ಆ ಎಂಟರಲ್ಲಿ ವಿಶೇಷಣಕ್ಕೆ ಬೇರೆ ಮನೆ ಇರಲಿಲ್ಲ, ಅದು ನಾಮಪದದ ಜೊತೆಯೇ ಸಂಸಾರ ಮಾಡುತ್ತಿತ್ತು. ಆಮೇಲೆ ರೋಮಿನವರು ಅದನ್ನು ಲ್ಯಾಟಿನ್‌ಗೆ ತಂದರು. ಗ್ರೀಕಿನಲ್ಲಿ ‘ದಿ’ ಅನ್ನುವಂಥ ಪದ ಇದೆ, ಲ್ಯಾಟಿನ್‌ನಲ್ಲಿ ಇಲ್ಲ. ಒಂದು ಮನೆ ಖಾಲಿ. ಅವರು ಅಯ್ಯೋ, ಅಬ್ಬಾ ಅನ್ನುವ ಉದ್ಗಾರಗಳನ್ನು ಆ ಮನೆಗೆ ಕಳಿಸಿ ಲೆಕ್ಕ ಮತ್ತೆ ಎಂಟಕ್ಕೆ ತಂದರು. ನಮ್ಮಲ್ಲಿ ಸಂಸ್ಕೃತದ ಹಳೆಯ ಪಂಡಿತ ಯಾಸ್ಕ ನಾಲ್ಕು ಅಂದ: ನಾಮ, ಆಖ್ಯಾತ (ಅಂದರೆ ಕ್ರಿಯಾಪದ), ಉಪಸರ್ಗ (ಪದದ ಮುಂದೆ ಅಂಟುವ ತುಂಡು), ನಿಪಾತ (ಸಣ್ಣ ಅವ್ಯಯ). 13ನೇ ಶತಮಾನದ ಕೇಶಿರಾಜ ತನ್ನ ಕನ್ನಡ ವ್ಯಾಕರಣ ಶಬ್ದಮಣಿದರ್ಪಣದಲ್ಲಿ ನಾಮಕ್ಕೆ ಒಂದು ಪ್ರಕರಣ ಇಟ್ಟ, ಆಖ್ಯಾತಕ್ಕೆ ಒಂದು, ಅವ್ಯಯಕ್ಕೆ ಒಂದು, ವಿಶೇಷಣಕ್ಕೆ ಬೇರೆ ಪ್ರಕರಣ ಇಡಲಿಲ್ಲ. ಎಂಟು ಅನ್ನೋದು ದೇವರು ಬರೆದ ಅಂಕಿ ಅಲ್ಲ ಅಂತ ಗೊತ್ತಾದರೆ ಮಕ್ಕಳಿಗೆ ಅರ್ಧ ಭಯ ಹೋಗುತ್ತದೆ.

ವಿಶೇಷಣದ ಮಾತು ಬಂತಲ್ಲ, ಅಲ್ಲಿ ಕನ್ನಡದ ಒಂದು ಚಂದದ ಚಾಳಿ ಇದೆ. ದೊಡ್ಡ ಮನೆ ಸರಿ. ಆದರೆ ‘ಮನೆ ದೊಡ್ಡ’ ಅಂತ ಅನ್ನುವಂತಿಲ್ಲ, ‘ಮನೆ ದೊಡ್ಡದು’ ಅನ್ನಬೇಕು. ಮುಂದೆ ನಾಮಪದ ಇದ್ದರೆ ದೊಡ್ಡ ಬರಿಗೈಯಲ್ಲಿ ನಿಲ್ಲುತ್ತದೆ. ಒಂಟಿಯಾದ ಕೂಡಲೇ ‘ದು’ ಎಂಬ ಬಾಲ ಬೇಕು, ಅಂದರೆ ತಾನೇ ನಾಮಪದ ಆಗಬೇಕು. ದೊಡ್ಡದಕ್ಕೆ ಅಂತ ‘ಕ್ಕೆ’ ಕೂಡ ಕೂರುತ್ತದೆ, ನೋಡಿ. ಹಿಂದಿಯಲ್ಲಿ ‘ಘರ್ ಬಡಾ ಹೈ’, ಅದಕ್ಕೆ ನಮ್ಮ ಹುಡುಗ ‘ಮನಿ ದೊಡ್ಡ ಐತಿ’ ಅನ್ನುತ್ತಿದ್ದ. ಓಣಿಯ ಮಕ್ಕಳು ‘ದೊಡ್ಡದೈತಿ ಅನ್ನು ಅಣ್ಣಾ’ ಅಂತ ಅವನನ್ನು ತಿದ್ದುವಾಗ ಅವಕ್ಕೆ ಆದ ಖುಷಿ ಏನು ಕೇಳ್ತೀರಿ. ಯಾಕೆ ಹಾಗೆ ಅಂತ ಆ ಮಕ್ಕಳಿಗೂ ಗೊತ್ತಿಲ್ಲ. ತಾಯ್ನುಡಿಯ ವ್ಯಾಕರಣ ಎಲ್ಲರಿಗೂ ಗೊತ್ತಿರುತ್ತದೆ, ಗೊತ್ತಿದೆ ಅಂತ ಮಾತ್ರ ಗೊತ್ತಿರೋದಿಲ್ಲ.

ಕ್ರಿಯಾಪದ ಕೂಡ ಹೀಗೆ ವೇಷ ಬದಲಿಸುತ್ತದೆ. ‘ಹುಡುಗ ಬಂದ’ ಅಂದರೆ ವಾಕ್ಯ ಮುಗಿಯಿತು. ‘ಬಂದ ಹುಡುಗ’ ಅಂದರೆ ಕೇಳುವವರು ‘ಹೂಂ, ಅವನಿಗೇನಾಯ್ತು?’ ಅಂತ ಕಾಯುತ್ತಾರೆ. ಅದೇ ಎರಡು ಪದ, ಜಾಗ ಅದಲು ಬದಲು, ಕೆಲಸ ಪೂರಾ ಬೇರೆ. ಹುಡುಗಿ ಬಂದಳು, ಆದರೆ ಬಂದ ಹುಡುಗಿ. ಬಸ್ಸು ಬಂತು, ಆದರೆ ಬಂದ ಬಸ್ಸು. ನಾಮಪದದ ಮುಂದೆ ನಿಂತ ಕೂಡಲೇ ಕ್ರಿಯಾಪದ ತನ್ನ ಕೊನೆಯ ಡಬ್ಬಿ ಕಳಚಿ ವಿಶೇಷಣದ ಹಾಗೆ ನಡೆದುಕೊಳ್ಳುತ್ತದೆ. ಇಂಗ್ಲಿಷ್ ಇದಕ್ಕೆ ‘ಹೂ’ ಅಂತ ಒಂದು ಹೊಸ ಪದ ಕರೆಸಿ, ಹುಡುಗಿಯ ಹಿಂದೆ ಒಂದು ಇಡೀ ವಾಕ್ಯ ಕಟ್ಟುತ್ತದೆ: ‘ದಿ ಗರ್ಲ್ ಹೂ ಕೇಮ್ ಯೆಸ್ಟರ್‌ಡೇ’. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಉದ್ದ ವಾಕ್ಯ ಬರೆಯಲಿಕ್ಕೆ ಹೆದರೋದು ಇಲ್ಲೇ. ‘ನಿನ್ನೆ ಬಂದ ಹುಡುಗಿ’ ಅನ್ನೋದನ್ನು ಬಾಲದಿಂದ ತಲೆಯ ಕಡೆಗೆ ತಿರುಗಿಸಿ ಹೇಳಬೇಕು, ಯಾರೂ ಅದನ್ನು ಬಾಯಿ ಬಿಟ್ಟು ಹೇಳಿಕೊಟ್ಟಿರುವುದಿಲ್ಲ.

ಇಂಗ್ಲಿಷಿಗೆ ಬರೋಣ. ಒಂದು ಸಾಲೆಯ ಪರೀಕ್ಷೆಯಲ್ಲಿ ‘ಫಾಸ್ಟ್’ ಎಂಬ ಪದ ಯಾವ ಪಾರ್ಟ್ ಆಫ್ ಸ್ಪೀಚ್ ಅಂತ ಕೇಳಿದ್ದರು. ವಾಕ್ಯ ಕೊಟ್ಟಿರಲಿಲ್ಲ, ಬರೀ ಪದ. ನನ್ನ ಹತ್ತಿರ ಬರುವ ಹುಡುಗಿ ನಾಮಪದ ಅಂತ ಬರೆದಳು, ತಪ್ಪು ಹಾಕಿದರು. ಅವಳ ಮನೆಯಲ್ಲಿ ಅಜ್ಜಿ ಏಕಾದಶಿ ಮಾಡುತ್ತಾರೆ, ಫಾಸ್ಟ್ ಅಂದರೆ ಉಪವಾಸ ಅಂತ ಅವಳ ತಲೆಯಲ್ಲಿ ಮೊದಲು ಬಂದಿದ್ದು ಸಹಜ ಅಲ್ವಾ? ತಪ್ಪು ಅವಳದಲ್ಲ, ಪ್ರಶ್ನೆಯದು. ಇಂಗ್ಲಿಷಿನಲ್ಲಿ ಬಾಲಗಳೆಲ್ಲ ಹೆಚ್ಚು ಕಡಿಮೆ ಉದುರಿಹೋಗಿವೆ. ಹಾಗಾಗಿ ಒಂಟಿ ಪದಕ್ಕೆ ಜಾತಿಯೇ ಇಲ್ಲ, ನಿಂತ ಜಾಗವೇ ಜಾತಿ. ಕನ್ನಡಕ್ಕೆ ಬಾಲದ ಪರೀಕ್ಷೆ ಇದ್ದ ಹಾಗೆ ಇಂಗ್ಲಿಷಿಗೆ ನಾನು ತಲೆಯ ಪರೀಕ್ಷೆ ಹೇಳಿಕೊಡುತ್ತೇನೆ: ಪದದ ಮುಂದೆ ‘ದಿ’ ಇಡು, ‘ವಿಲ್’ ಇಡು, ‘ವೆರಿ’ ಇಡು. ‘ದಿ ಫಾಸ್ಟ್ ಈಸ್ ಓವರ್’, ಉಪವಾಸ ಮುಗಿಯಿತು, ನಾಮಪದ. ‘ಶಿ ವಿಲ್ ಫಾಸ್ಟ್’, ಉಪವಾಸ ಮಾಡುತ್ತಾಳೆ, ಕ್ರಿಯಾಪದ. ‘ವೆರಿ ಫಾಸ್ಟ್ ಟ್ರೇನ್’, ವಿಶೇಷಣ. ‘ಹಿ ರನ್ಸ್ ವೆರಿ ಫಾಸ್ಟ್’ ಅಂದರೆ ಓಡುವುದು ಹೇಗೆ ಅಂತ ಹೇಳುತ್ತಿದೆ, ಕ್ರಿಯಾವಿಶೇಷಣ. ಒಂದೇ ಪದ, ನಾಲ್ಕು ಕೆಲಸ. ‘ದಿ’ ಆದ ಮೇಲೆ ವಿಶೇಷಣವೂ ಬರಬಹುದು, ಅದಕ್ಕೆ ಅದರ ಹಿಂದೆ ಇನ್ನೊಂದು ನಾಮಪದ ಇದೆಯಾ ಅಂತಲೂ ನೋಡಬೇಕು. ಅಷ್ಟು ಎಚ್ಚರ ಇದ್ದರೆ ನೂರಕ್ಕೆ ತೊಂಬತ್ತು ಪ್ರಶ್ನೆ ಪಾಸು.

ಬಾಲ ಇಲ್ಲದ ಭಾಷೆಯಲ್ಲಿ ಸರದಿ ಕಟ್ಟುನಿಟ್ಟು. ‘ಮಾವ ಎಮ್ಮೆಯನ್ನು ಎಳೆದ’, ‘ಎಮ್ಮೆಯನ್ನು ಮಾವ ಎಳೆದ’, ‘ಎಳೆದ ನೋಡು ಮಾವ ಎಮ್ಮೆಯನ್ನು’, ಹೇಗೆ ತಿರುಗಿಸಿದರೂ ಎಳೆದವನು ಮಾವನೇ, ಯಾಕೆಂದರೆ ‘ಅನ್ನು’ ಎಮ್ಮೆಯ ಕೊರಳಿಗೆ ಕಟ್ಟಿದೆ. ಇಂಗ್ಲಿಷಿನಲ್ಲಿ ಮಾವ, ಎಮ್ಮೆ ಇಬ್ಬರ ಜಾಗ ಬದಲಿಸಿ ನೋಡಿ, ಎಮ್ಮೆಯೇ ಮಾವನನ್ನು ಧಾರವಾಡದವರೆಗೆ ಎಳೆದುಕೊಂಡು ಹೋಗುತ್ತದೆ. ಸರ್ವನಾಮದಲ್ಲಿ ಮಾತ್ರ ಹಳೆ ಬಾಲದ ಗುರುತು ಉಳಿದಿದೆ: ಹಿ ಅಂದರೆ ಅವನು, ಹಿಮ್ ಅಂದರೆ ಅವನನ್ನು, ಅವನಿಗೆ. ಕ್ರಿಯಾಪದದಲ್ಲೂ ಅಷ್ಟೇ. ನಮ್ಮಲ್ಲಿ ನಾನು, ನೀನು, ಅವನು, ಅವಳು, ಅದು, ಅವರು, ಎಲ್ಲರಿಗೂ ಒಂದೊಂದು ಬಾಲ. ಇಂಗ್ಲಿಷಿನಲ್ಲಿ ಉಳಿದಿರೋದು ‘ಹಿ ಗೋಸ್’ನ ಒಂದೇ ಒಂದು ‘ಸ್’. ಅದನ್ನೇ ನಮ್ಮ ಮಕ್ಕಳು ಮರೆಯೋದು.

ಮತ್ತೆ ‘ಐ ಆ್ಯಮ್ ಗೋ’ ಅಂತ ಯಾಕೆ ಬರೆಯುತ್ತಾರೆ? ಪೆದ್ದತನ ಅಲ್ಲ. ಕನ್ನಡದ ಕಿವಿಗೆ ಬರೀ ‘ಗೋ’ ಅಂದರೆ ಬೋಳು ಅನಿಸುತ್ತದೆ, ‘ನಾನು’ ಅಂತ ಹೇಳುವ ಡಬ್ಬಿ ಎಲ್ಲಿ ಅಂತ ಹುಡುಕುತ್ತದೆ, ಸಿಕ್ಕ ‘ಆ್ಯಮ್’ ತಂದು ಜೋಡಿಸುತ್ತದೆ. ಇದು ನನ್ನ ಊಹೆ, ಆದರೆ ವರ್ಷಗಟ್ಟಲೆ ನೋಟ್‌ಬುಕ್ ತಿದ್ದಿ ಹುಟ್ಟಿದ ಊಹೆ. ಇದಕ್ಕೆ ಮದ್ದು ನಮ್ಮ ‘ಹತ್ತು’ನಲ್ಲೇ ಇದೆ. ಮಾಡಾಕತ್ತೀನಿ, ಮಾಡಾಕತ್ತಿ, ಮಾಡಾಕತ್ತಾನ, ಮಾಡಾಕತ್ತಾಳ. ಇದನ್ನು ಒಡೆದರೆ ‘ಮಾಡಾಕ’ ಮತ್ತು ‘ಹತ್ತೀನಿ’. ಮಾಡಾಕ ಅನ್ನೋದು ಅಲ್ಲಾಡೋದಿಲ್ಲ, ಯಾರು ಅನ್ನೋದನ್ನು ಹೊರುವುದು ಹತ್ತು. ‘ಆ್ಯಮ್ ಡೂಯಿಂಗ್, ಆರ್ ಡೂಯಿಂಗ್, ಈಸ್ ಡೂಯಿಂಗ್’ ಕೂಡ ಹೀಗೇ: ಡೂಯಿಂಗ್ ಅಲ್ಲಾಡೋದಿಲ್ಲ, ಹೊರೆ ಹೊರುವುದು ಆ್ಯಮ್, ಆರ್, ಈಸ್. ‘ಹತ್ತು ಇದ್ದಲ್ಲಿ ಇಂಗ್ ಬೇಕು, ಹತ್ತು ಇಲ್ಲದಿದ್ದರೆ ಆ್ಯಮ್ ಬೇಡ’ ಅಂದೆ. ಐದನೇ ಕ್ಲಾಸಿನ ಮಕ್ಕಳು ಎರಡು ದಿನದಲ್ಲಿ ಹಿಡಿದರು. ಮನೆಮಾತು ತಪ್ಪು ಅಂತ ಬಾಯಿ ಮುಚ್ಚಿಸಿದ್ದರೆ ಈ ಏಣಿಯೇ ನನಗೆ ಸಿಗುತ್ತಿರಲಿಲ್ಲ.

‘ನನಗೆ ಹಸಿವಾಗಿದೆ’ ಕೂಡ ಹೀಗೇ ಕಾಡುತ್ತದೆ. ಹಸಿವು, ನೆಗಡಿ, ಸಿಟ್ಟು, ನಾಚಿಕೆ, ಎಲ್ಲವೂ ಕನ್ನಡದಲ್ಲಿ ನಮಗೆ ಬಂದು ಆಗುವಂಥವು, ಅದಕ್ಕೆ ‘ಗೆ’. ಇಂಗ್ಲಿಷಿನಲ್ಲಿ ನಾವೇ ಹಸಿದವರು: ‘ಐ ಆ್ಯಮ್ ಹಂಗ್ರಿ’. ಅಲ್ಲಿ ಹಸಿವು ವಿಶೇಷಣ, ಇಲ್ಲಿ ನಾಮಪದ. ಪದಕ್ಕೆ ಪದ ಇಟ್ಟು ಭಾಷಾಂತರ ಮಾಡಿದರೆ ಕೆಡೋದು ಅದಕ್ಕೇ. ಹಿಂದಿಯ ಹುಡುಗನಿಗೆ ಮಾತ್ರ ಇದು ಸಲೀಸು, ‘ಮುಝೇ ಭೂಕ್ ಲಗೀ ಹೈ’ ಅಂತ ಅವನ ಭಾಷೆಯಲ್ಲೂ ಹಸಿವು ಬಂದು ಹತ್ತುವಂಥದ್ದೇ. ‘ಅಲ್ಲಿ’ ಎಂಬ ನಮ್ಮ ಒಂದು ಬಾಲಕ್ಕೆ ಇಂಗ್ಲಿಷಿನಲ್ಲಿ ಇನ್, ಆನ್, ಆ್ಯಟ್ ಮೂರು ಪದ. ಇದಕ್ಕೆ ಸೂತ್ರ ಹುಡುಕಬೇಡಿ, ಪೂರಾ ತುಂಡುಗಳನ್ನೇ ಬಾಯಿಗೆ ಹತ್ತಿಸಿಕೊಳ್ಳಿ.

ಹೊರಗಿನ ಪದಗಳನ್ನು ನಾವು ಒಳಗೆ ಬಿಟ್ಟುಕೊಳ್ಳುವ ರೀತಿ ನೋಡಿದರೂ ಬಾಲದ ಅಧಿಕಾರ ಗೊತ್ತಾಗುತ್ತದೆ. ಬಸ್ ಬಂದು ಬಸ್ಸು ಆಯಿತು, ಕಾರು, ಲೈಟು, ಬುಕ್ಕು. ‘ಉ’ ಹಚ್ಚಿದರೆ ನಾಮಪದದ ಪಾಸ್ ಸಿಕ್ಕಿತು. ಕ್ರಿಯಾಪದಕ್ಕೆ ಮಾತ್ರ ಬಾಗಿಲು ಬಂದ್. ಟಿಕೆಟ್ ಬುಕ್ಕಿದೆ ಅಂತ ಯಾರೂ ಅನ್ನೋದಿಲ್ಲ, ಬುಕ್ ಮಾಡಿದೆ. ಟೆನ್ಶನ್ ಆಯಿತು, ಅಡ್ಜಸ್ಟ್ ಮಾಡಿಕೊಂಡೆ. ಇಂಗ್ಲಿಷಿನ ಕ್ರಿಯಾಪದ ಕೂಡ ನಮ್ಮಲ್ಲಿಗೆ ಬಂದರೆ ಸುಮ್ಮನೆ ಪಕ್ಕದಲ್ಲಿ ಕೂರಬೇಕು, ಡಬ್ಬಿ ಎಳೆಯುವ ಕೆಲಸ ಮಾಡು, ಆಗು ಇವರದ್ದೇ. ಎಷ್ಟೇ ಇಂಗ್ಲಿಷ್ ಬೆರೆಸಿ ಮಾತಾಡಿದರೂ ಅದು ಕನ್ನಡವೇ ಆಗಿ ಉಳಿಯೋದು ಈ ಕಾರಣಕ್ಕೆ.

ಹೊರಗಿನಿಂದ ಬಂದವರಿಗೆ ಕನ್ನಡ ವ್ಯಾಕರಣ ಹತ್ತೋದಿಲ್ಲ ಅನ್ನುವವರಿಗೆ ಧಾರವಾಡದ ಕಿಟೆಲ್ ಕಾಲೇಜಿನ ಬೋರ್ಡು ತೋರಿಸಬೇಕು. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ ಕಡೆಯಿಂದ ಈ ದೇಶಕ್ಕೆ ಬಂದ ಜರ್ಮನ್. 1894ರಲ್ಲಿ ಅವನ ಕನ್ನಡ-ಇಂಗ್ಲಿಷ್ ನಿಘಂಟು ಬಂತು, 1903ರಲ್ಲಿ ಕನ್ನಡದ ವ್ಯಾಕರಣ. ಹಳೆಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಅದರಲ್ಲಿ ಹಿಡಿದಿದ್ದಾನೆ, ಆಧಾರ ಮುಖ್ಯವಾಗಿ ನಮ್ಮ ಕೇಶಿರಾಜನೇ. ಇದನ್ನು ಹೇಳಿದಾಗ ರೈಲ್ವೆ ಹುಡುಗ ಕೇಳಿದ್ದು ಒಂದೇ ಪ್ರಶ್ನೆ: ‘ಅವರಿಗೂ ಯಾರಾದರೂ ಮೊದಲು ಹತ್ತರ ನೋಟಿನ ಪಾಠ ಮಾಡಿರಬೇಕು ಅಲ್ವಾ ಅಕ್ಕಾ?’

ಮೊನ್ನೆ ರವಿವಾರ ಅವನು ಮತ್ತೆ ಗದಗಕ್ಕೆ ಹೋದ, ಈ ಸಲ ಒಬ್ಬನೇ. ನಾನು ಒಲೆ ಮುಂದೆ ಇದ್ದೆ. ಮೊಬೈಲಿನಲ್ಲಿ ಮೆಸೇಜ್ ಬಂತು, ಕನ್ನಡದಲ್ಲೇ ಟೈಪ್ ಮಾಡಿದ್ದ: ‘ಹತ್ತಕ್ಕ ಹತ್ತಿದೆ ಅಕ್ಕಾ. ಹತ್ತು ಮಂದಿ ಅದಾರ. ಬಸ್ಸು ಹೊಂಟಳು.’